ಫಾದಿಯಾ ಕೆಳಗಿಟ್ಟ ಕಾಫಿ

ರಾಜಧಾನಿ ಅಮ್ಮಾನಿನಲ್ಲಿ ಯೋಜನೆ ನಡೆಸುವ ವಿದ್ಯೆಯ ತರಬೇತಿ ಮುಗಿಸಿಕೊಂಡು ಬಂದ ಮರುದಿನ ಬೆಳಿಗ್ಗೆ ಫಾದಿಯಾ ತನ್ನ ಗಂಡನನ್ನು ‘ಸಂಬಂಧಪಟ್ಟವರು’ ಎಂದು ಕರೆದಳು. ಅವನು ಅಡುಗೆಮನೆಯಲ್ಲಿ ನಿಂತು ರೊಟ್ಟಿಯನ್ನು ಆಲಿವ್ ಎಣ್ಣೆಯಲ್ಲಿ ಅದ್ದುತ್ತಿದ್ದ.

“ಸಂಬಂಧಪಟ್ಟವರು ಒಂದು ನಿಮಿಷ ಕೂತ್ಕೊಳ್ಳಿ,” ಎಂದಳು.

ಗಂಡ ಅಬು ಬಾಸೆಲ್ ಹಿಂದೆ ತಿರುಗಿ ನೋಡಿದ. ಅಲ್ಲಿ ಫ್ರಿಜ್ಜು ಮಾತ್ರ ಇತ್ತು. “ನಾನಾ? ಇಷ್ಟು ವರ್ಷ ಸಂಸಾರ ಮಾಡಿದ ಮೇಲಾದ್ರೂ ನಾನು ಸಂಬಂಧಪಟ್ಟವನು ಅಂತ ಗೊತ್ತಾಯ್ತಲ್ಲ,” ಎಂದು ಕೂತ.

ಅಂದಿನಿಂದ ಆ ಮನೆಯಲ್ಲಿ ಏನೂ ಸುಮ್ಮನೆ ನಡೆಯಲಿಲ್ಲ. ಕೂಸಾಕಾಯಿಗೆ ಅನ್ನ ತುಂಬುವ ಅಡುಗೆಗೂ ಆರಂಭ, ಜಾರಿ, ಉಸ್ತುವಾರಿ, ಮುಕ್ತಾಯ ಎಂಬ ಘಟ್ಟಗಳು ಬಂದವು. ಫ್ರಿಜ್ಜಿನ ಬಾಗಿಲಿಗೆ ಬಣ್ಣದ ಗೆರೆಗಳ ನಕ್ಷೆಯೊಂದು ಅಂಟಿಕೊಂಡಿತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅವಳ ಒಬ್ಬನೇ ಮಗ ಬಾಸೆಲ್, ಯಾರಾದರೂ ಜೋರಾಗಿ ಕೆಮ್ಮಿದರೂ ಕ್ಷಮೆ ಕೇಳುವ ಸ್ವಭಾವದವನು, ಕಸದ ಡಬ್ಬಿಯ ಸಾಲಿನಲ್ಲಿ ತನ್ನ ಹೆಸರಿನ ಮುಂದೆ ಕೆಂಪು ಬಣ್ಣ ನೋಡಿ ಊಟ ಬಿಟ್ಟು ಕಸ ಹಾಕಿ ಬಂದ.

ಫಾದಿಯಾಳಿಗೆ ಈ ಉತ್ಸಾಹ ಬರಲು ಕಾರಣವಿತ್ತು. ಅವಳು ಕೆಲಸ ಮಾಡುತ್ತಿದ್ದದ್ದು ಸಲ್ತ್ ಊರಿನಲ್ಲಿ ನೀರಿನ ಪೈಪು ಹಾಕುವ ಗುತ್ತಿಗೆ ಕಂಪನಿಯೊಂದರಲ್ಲಿ. ಆ ಕಂಪನಿಯಲ್ಲಿ ಯೋಜನೆಗಳು ಬಹಳ ಚೆನ್ನಾಗಿ ಆರಂಭವಾಗುತ್ತಿದ್ದವು. ರಿಬ್ಬನ್ನು ಕಟ್ಟುವುದಕ್ಕೆ, ಕತ್ತರಿ ಹಿಡಿಯುವುದಕ್ಕೆ, ಕುನಾಫಾ ಸಿಹಿ ಹಂಚುವುದಕ್ಕೆ, ಫೋಟೋದಲ್ಲಿ ಮುಂದೆ ನಿಲ್ಲುವುದಕ್ಕೆ ನುರಿತ ಜನರಿದ್ದರು. ಮುಗಿಸುವುದಕ್ಕೆ ಮಾತ್ರ ಯಾರೂ ಇರಲಿಲ್ಲ. ಆ ಹುದ್ದೆ ಯಾವತ್ತೂ ಮಂಜೂರಾಗಿರಲಿಲ್ಲ. ಫಾದಿಯಾ ಇಪ್ಪತ್ತು ವರ್ಷದಿಂದ ಈ ಅರ್ಧಂಬರ್ಧ ಯೋಜನೆಗಳ ಕಡತಗಳನ್ನು ಜೋಡಿಸಿಡುತ್ತಿದ್ದಳು. ಅವಳ ಮೇಜು ನಕಲು ಯಂತ್ರಕ್ಕೂ ಗೋಡೆಗೂ ನಡುವೆ ಸಿಕ್ಕಿಕೊಂಡಿತ್ತು. ಯಾರಿಗಾದರೂ ನಕಲು ಬೇಕಾದಾಗ ಅವಳು ಎದ್ದು ನಿಲ್ಲಬೇಕಾಗಿತ್ತು. ಕಿಟಕಿಯ ಪಕ್ಕದ ಒಳ್ಳೆಯ ಮೇಜು ಮುಅತಸಿಂ ಎಂಬ ಎಳೆಯ ಎಂಜಿನಿಯರನದು. ಅಲ್ಲಿಂದ ಇಡೀ ಕಣಿವೆ, ಹಳದಿ ಕಲ್ಲಿನ ಮನೆಗಳು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕೇರಿಗಳು ಕಾಣುತ್ತಿದ್ದವು. ಅವನು ಅತ್ತ ನೋಡುತ್ತಲೂ ಇರಲಿಲ್ಲ. ಕಿಟಕಿಯ ಗಾಜಿನಲ್ಲಿ ತಲೆ ಬಾಚಿಕೊಳ್ಳುತ್ತಿದ್ದ.

“ಯಾ ಉಮ್ ಬಾಸೆಲ್, ತರಬೇತಿಗೆ ಕಳಿಸಿದ್ದು ತಪ್ಪಾಯ್ತು ಅನ್ಸುತ್ತೆ,” ಎಂದರು ನಿರ್ದೇಶಕ ಶುಕ್ರಿ, ಅವಳು ತನಗೊಂದು ಯೋಜನೆ ಬೇಕು ಎಂದಾಗ. ಊರಿನ ರೂಢಿಯಂತೆ ಅವರು ಅವಳನ್ನು ಮಗನ ಹೆಸರು ಹಿಡಿದು, ಬಾಸೆಲ್‌ನ ತಾಯಿ ಎಂದೇ ಕರೆಯುತ್ತಿದ್ದರು. ಅವರು ಒಳ್ಳೆಯ ಮನುಷ್ಯ. ಯಾರಿಗೂ ಬೇಜಾರು ಮಾಡಬಾರದೆಂದು ಯಾವ ತೀರ್ಮಾನವನ್ನೂ ಮಾಡುತ್ತಿರಲಿಲ್ಲ. “ಸರಿ, ಖರೂಬ್ ಕೇರಿ ತಗೋ.”

ಕಚೇರಿಯಲ್ಲಿ ಯಾರೋ ನಕ್ಕರು. ಖರೂಬ್ ಕೇರಿಗೆ ವಾರಕ್ಕೊಮ್ಮೆ ನೀರು ಬರುತ್ತಿತ್ತು, ಅದೂ ಮಹಡಿಯ ಮೇಲಿನ ತೊಟ್ಟಿಯವರೆಗೆ ಹತ್ತಲಾರದೆ ಅರ್ಧ ದಾರಿಯಲ್ಲೇ ಸುಸ್ತಾಗುತ್ತಿತ್ತು. ಹೊಸ ಪೈಪು ಹೋಗಲು ಇದ್ದದ್ದು ಒಂದೇ ದಾರಿ, ಅಬು ನಾಯೆಫ್ ಅವರ ಅಂಗಳ. ಅಬು ನಾಯೆಫ್ ಗಡಿಯ ಸುಂಕದ ಠಾಣೆಯಿಂದ ನಿವೃತ್ತರಾದವರು. ಇಡೀ ಆಯುಷ್ಯ ಲಾರಿಗಳನ್ನು ತಡೆದು ನಿಲ್ಲಿಸಿ ಅಭ್ಯಾಸವಾಗಿ, ಈಗ ಲಾರಿಗಳಿಲ್ಲದ್ದರಿಂದ ಮನುಷ್ಯರನ್ನು ನಿಲ್ಲಿಸುತ್ತಿದ್ದರು. ಅಂಗಳದ ಹಿಪ್ಪುನೇರಳೆ ಮರದ ಕೆಳಗೆ ಕುರ್ಚಿ ಹಾಕಿ ಕೂತು, ಬಂದ ಎಂಜಿನಿಯರುಗಳಿಗೆಲ್ಲ “ಆಗಲ್ಲ” ಎಂದು ಹೇಳಿ ಕಳಿಸಿದ್ದರು.

“ಆಲಿವ್ ಕೀಳೋದ್ರೊಳಗೆ ಮುಗಿಸು,” ಎಂದರು ಶುಕ್ರಿ. “ಆಗ್ಲಿಲ್ಲ ಅಂದ್ರೆ ಮುಅತಸಿಂಗೆ ಕೊಟ್ಬಿಡ್ತೀನಿ. ನೀನು ಮತ್ತೆ ಕಡತಕ್ಕೆ.”

“ಮುಗಿಸ್ತೀನಿ,” ಎಂದಳು ಫಾದಿಯಾ. ಆ ಮಾತು ಆ ಕಚೇರಿಯಲ್ಲಿ ಅಷ್ಟು ಅಪರೂಪವಾಗಿತ್ತೆಂದರೆ ನಕಲು ಯಂತ್ರ ಕೂಡ ಒಂದು ಕ್ಷಣ ನಿಂತಿತು.

ತರಬೇತಿಯ ಮೊದಲ ಪಾಠ, ಜನರ ಅಗತ್ಯ ತಿಳಿದುಕೊಳ್ಳುವುದು. ಫಾದಿಯಾ ನೇರವಾಗಿ ಅಬು ನಾಯೆಫ್ ಮನೆಯ ಹೆಂಗಸರ ಹತ್ತಿರ ಹೋದಳು. ಅಬು ನಾಯೆಫ್ ಆಗ ಮನೆಯಲ್ಲಿರಲಿಲ್ಲ. ಹೆಂಡತಿ ಉಮ್ ನಾಯೆಫ್ ಮತ್ತು ಮಗಳು ದುಹಾ ದ್ರಾಕ್ಷಿ ಎಲೆ ಸುತ್ತುತ್ತಾ ಕೂತಿದ್ದರು. ದುಹಾ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಅದರ ಬಗ್ಗೆ ಕೇರಿಗೆ ಇದ್ದ ಚಿಂತೆ ಅವಳಿಗಿರಲಿಲ್ಲ.

ಫಾದಿಯಾ ಕಾರ್ಯಮಗ್ನಳಾಗಿ ಕೇಳುತ್ತಾ ಹೋದಳು. ಮನೆಯಲ್ಲಿ ಬೆಳಿಗ್ಗೆ ಮೊದಲು ಏಳುವವರು ಯಾರು? ಮಗಳು ದಿನಾ ಸ್ನಾನ ಮಾಡುತ್ತಾಳೆಯೆ? ಅಡುಗೆ ಅವಳೇ ಮಾಡುತ್ತಾಳೆಯೆ? ಬಟ್ಟೆ ಒಗೆಯುವಾಗ ನೀರು ಹಿಡಿತದಲ್ಲಿ ಬಳಸುತ್ತಾಳೆಯೆ? ಮಹಡಿಗೆ ಬಕೆಟ್ಟು ಹೊರುವಷ್ಟು ಗಟ್ಟಿಯಿದ್ದಾಳೆಯೆ? ಕೊನೆಗೆ ದುಹಾಳ ಅಂಗೈ ಹಿಡಿದು, ಬಕೆಟ್ಟಿನ ಹಿಡಿ ಒತ್ತಿದ ಗೆರೆ ನೋಡಿ, “ಪಾಪ, ಇಂಥಾ ಕೈ ಇದು. ಇನ್ನು ಸ್ವಲ್ಪ ದಿನ ಮಗಳೇ, ಎಲ್ಲ ನಾನು ಸರಿಮಾಡ್ತೀನಿ,” ಎಂದು ಹೇಳಿ ಹೊರಟಳು.

ಅವಳು ಮೆಟ್ಟಿಲಿಳಿಯುವ ಮೊದಲೇ ಉಮ್ ನಾಯೆಫ್ ಎಲೆ ಸುತ್ತುವುದು ಬಿಟ್ಟಿದ್ದಳು. “ಅವಳಿಗೆ ಒಬ್ಬ ಮಗ ಇದ್ದಾನಲ್ವಾ?” ಎಂದಳು.

ಎರಡನೆಯ ಪಾಠ, ಅನುಮತಿ ಕೇಳಲು ಇಡೀ ತಂಡ ಒಂದಾಗಿ ಹೋಗುವುದು. ಫಾದಿಯಾ ಶುಕ್ರವಾರ ಮಧ್ಯಾಹ್ನದ ನಮಾಜಿನ ನಂತರ ಹೋಗುವುದೆಂದು ಗೊತ್ತುಮಾಡಿದಳು. ಆಗ ಮನುಷ್ಯರು ಸ್ವಲ್ಪ ಮೆತ್ತಗಿರುತ್ತಾರೆ. ಕಂಪನಿಯ ಅತಿ ಹಿರಿಯ, ಬಿಳಿ ಗಡ್ಡದ ಲೆಕ್ಕಿಗ ಅಬು ಸಾರಿ ಮುಂದೆ, ಅವರ ಹಿಂದೆ ಇನ್ನೂ ಮೂವರು ವಯಸ್ಸಾದ ನೌಕರರು. ಎಲ್ಲರಿಗೂ ಸೂಟು ಹಾಕಿಸಿದಳು. ಖಾಲಿ ಕೈಯಲ್ಲಿ ಹೇಗೆ ಹೋಗೋದು ಎಂದು ಅಬು ಸಾರಿ ಒಂದು ದೊಡ್ಡ ತಟ್ಟೆ ಬಕ್ಲಾವಾ ತಂದರು. ಪೈಪಿನ ನಕ್ಷೆಯನ್ನು ಸುರುಳಿ ಸುತ್ತಿ, ಬಿಚ್ಚಿಕೊಳ್ಳದಿರಲೆಂದು ಫಾದಿಯಾ ಹಳೆಯ ಉದ್ಘಾಟನೆಯ ಕೆಂಪು ರಿಬ್ಬನ್ನು ಕಟ್ಟಿದಳು. ಮೆಟ್ಟಿಲು ಹತ್ತುವಾಗ ತಂಡಕ್ಕೆ ಒಂದೇ ಒಂದು ಸೂಚನೆ ಕೊಟ್ಟಳು: “ನಾನು ಏನು ಮಾಡ್ತೀನೋ ನೀವೂ ಅದನ್ನೇ ಮಾಡಿ. ನಾವು ಒಂದು ತಂಡ ಅಂತ ಕಾಣ್ಬೇಕು.”

ಅಬು ನಾಯೆಫ್ ಬಾಗಿಲು ತೆರೆದು, ಸೂಟುಗಳನ್ನು, ಬಿಳಿ ಗಡ್ಡವನ್ನು, ಸಿಹಿತಟ್ಟೆಯನ್ನು, ಕೆಂಪು ರಿಬ್ಬನ್ನನ್ನು ನೋಡಿದರು. ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ದಿವಾನಖಾನೆಯಲ್ಲಿ ಎಲ್ಲರೂ ಗೋಡೆಗೊರಗಿ ಕೂತರು. ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಲ್ಲಿ ಏಲಕ್ಕಿ ಪರಿಮಳದ ಕಹಿ ಕಾಫಿ ಬಂತು. ಫಾದಿಯಾಳಿಗೆ ನಕ್ಷೆ ಬಿಚ್ಚಲು ಎರಡು ಕೈಯೂ ಬೇಕಾಗಿತ್ತು. ಅವಳು ಕಾಫಿಯನ್ನು ತುಟಿಗೆ ತಾಗಿಸದೆ ಎದುರಿನ ಮೇಜಿನ ಮೇಲಿಟ್ಟಳು.

ತಂಡವೂ ಸೂಚನೆಯಂತೆ ಬಟ್ಟಲುಗಳನ್ನು ಕೆಳಗಿಟ್ಟಿತು.

ಆ ಸೀಮೆಯಲ್ಲಿ ಹಿರಿಯರು ಕೂಡಿ ಬಂದು ಕಾಫಿ ಕುಡಿಯದೆ ಕೆಳಗಿಟ್ಟರೆ ಅದಕ್ಕೆ ಅರ್ಥ ಒಂದೇ: ನಮ್ಮದೊಂದು ಕೋರಿಕೆಯಿದೆ, ನೀವು ಒಪ್ಪುವವರೆಗೆ ಕುಡಿಯುವುದಿಲ್ಲ. ಮಗಳಿರುವ ಮನೆಯಲ್ಲಾದರೆ ಆ ಕೋರಿಕೆ ಏನೆಂದು ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ. ಫಾದಿಯಾಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ, ಅವಳ ತಂಗಿಯರಿಬ್ಬರ ಮದುವೆ ಹೀಗೇ ಆಗಿತ್ತು. ಆದರೆ ಆ ಗಳಿಗೆಯಲ್ಲಿ ಅವಳ ತಲೆಯ ತುಂಬ ಪೈಪಿನ ಸುತ್ತಳತೆಯಿತ್ತು.

ಅಬು ನಾಯೆಫ್ ಯೋಚಿಸಿದರು. ಇಂಥ ವಿಷಯಗಳಲ್ಲಿ ಗಂಡಸರು ಬಂದು ಕೂರುವ ಹೊತ್ತಿಗೆ ಹೆಂಗಸರು ಎಲ್ಲವನ್ನೂ ಒಳಗೊಳಗೇ ಮುಗಿಸಿರುತ್ತಾರೆ. ಹೆಂಡತಿ ಮುಗಿಸಿದ್ದಾಳೆ, ತನಗೆ ಹೇಳುವುದು ಮರೆತಿದ್ದಾಳೆ ಎಂದುಕೊಂಡರು. ಬಾಗಿಲ ಮರೆಯಲ್ಲಿದ್ದ ಹೆಂಡತಿ, ಗಂಡನೇ ಎಲ್ಲೋ ಮಾತಾಡಿ ಮುಗಿಸಿದ್ದಾರೆ ಎಂದುಕೊಂಡಳು. ಅವರ ಸಂಸಾರ ಹೀಗೆ ಎಷ್ಟೋ ವರ್ಷ ಸುಖವಾಗಿ ನಡೆದಿತ್ತು.

ಫಾದಿಯಾ ಗಂಟಲು ಸರಿಮಾಡಿಕೊಂಡು, “ನಾವು ಬಂದದ್ದು ಯಾಕಂದ್ರೆ,” ಎಂದಳು.

“ಹೇಳೋದು ಬೇಡ,” ಎಂದರು ಅಬು ನಾಯೆಫ್. “ಕಾಫಿ ಕುಡೀರಿ. ನೀವು ಕೇಳಿ ಬಂದದ್ದು ಕೊಟ್ಟೆ.”

“ಇಡೀ ಅಂಗಳಾನಾ?” ಎಂದು ಫಾದಿಯಾಳ ಬಾಯಿಂದ ಬಂತು.

“ಅಂಗಳದಲ್ಲೇ ಮಾಡೋಣ. ಇಡೀ ಕೇರಿ ಬರಲಿ.”

ಇಷ್ಟು ದೊಡ್ಡ ಮನಸ್ಸಿನ ಮನುಷ್ಯನ ಬಗ್ಗೆ ಜನ ಏನೇನು ಹೇಳುತ್ತಾರಲ್ಲ ಎಂದು ಫಾದಿಯಾಳ ಕಣ್ಣು ತುಂಬಿತು. ಅವಳು ಕಾಫಿ ಕುಡಿದಳು. ತಂಡವೂ ಕುಡಿಯಿತು. ಒಳಗಿನಿಂದ ಉಮ್ ನಾಯೆಫ್ ನಾಲಿಗೆ ಅಲುಗಿಸಿ ಮಂಗಳದ ಕೇಕೆ ಹಾಕಿದಳು, ಪಕ್ಕದ ಮನೆಯವಳು ಗೋಡೆಯಾಚೆಯಿಂದ ಉತ್ತರ ಕೊಟ್ಟಳು, ಅದು ಮೆಟ್ಟಿಲಿಂದ ಮೆಟ್ಟಿಲಿಗೆ ಹಾರುತ್ತಾ ಕಣಿವೆಯ ತಳದವರೆಗೆ ಇಳಿಯಿತು.

“ನೀರು ಅಂದ್ರೆ ಜನಕ್ಕೆ ಎಷ್ಟು ಖುಷಿ ನೋಡಿ,” ಎಂದಳು ಫಾದಿಯಾ ದಾರಿಯಲ್ಲಿ. ಅಬು ಸಾರಿ ಅವಳ ಮುಖ ನೋಡಿದರು, ಏನೋ ಹೇಳಲು ಹೋದರು, ಆಮೇಲೆ ತಂಡದ ಶಿಸ್ತು ನೆನಪಾಗಿ ಸುಮ್ಮನಾದರು.

ಸಂಜೆ ಅಬು ಬಾಸೆಲ್ ಕ್ಷೌರಕ್ಕೆ ಹೋದವನು ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡೇ ಓಡಿಬಂದ. “ಏನೇ, ನನ್ನ ಮಗನ ಮದುವೆ ಗೊತ್ತು ಮಾಡಿದೀಯಂತೆ? ಕ್ಷೌರದವನು ದುಡ್ಡು ತಗೊಳ್ತಿಲ್ಲ. ಮುಬಾರಕ್ ಮುಬಾರಕ್ ಅಂತಾನೆ. ನಾನು ಸಂಬಂಧಪಟ್ಟವನಲ್ವಾ? ನನಗೊಂದು ಮಾತು ಬೇಡ್ವಾ?”

ಅವನ ಹಿಂದೆಯೇ ಬಾಸೆಲ್ ಬಂದ. ಔಷಧಿ ಅಂಗಡಿಗೆ ಬಂದ ಹೆಂಗಸರೆಲ್ಲ ಅವನ ಗಲ್ಲ ಚಿವುಟಿ ಹೋಗಿದ್ದರು. “ಅಮ್ಮಾ, ನಾನು ಯಾರನ್ನ ಮದ್ವೆ ಆಗ್ತಿದೀನಿ?” ಎಂದು ಅವನು ಮೆಲ್ಲಗೆ ಕೇಳಿದ. “ಅವರೆಲ್ಲ ಕೇಳ್ತಿದ್ರು. ಗೊತ್ತಿಲ್ಲ ಅಂದ್ರೆ ಸರಿಹೋಗಲ್ಲ ಅಂತ ಹೂಂ ಅಂದೆ.”

ಫಾದಿಯಾ ಕುರ್ಚಿಯಲ್ಲಿ ಕೂತಳು. ಸೂಟುಗಳು ಕಣ್ಣಮುಂದೆ ಬಂದವು. ಬಕ್ಲಾವಾ ಬಂತು. ರಿಬ್ಬನ್ನು ಬಂತು. ಕೊನೆಗೆ ಮೇಜಿನ ಮೇಲಿಟ್ಟ ಕಾಫಿಯ ಬಟ್ಟಲು ಬಂತು.

“ಯಾ ದೇವರೇ,” ಎಂದಳು.

“ತರಬೇತಿಯಲ್ಲಿ ಇದಕ್ಕೇನು ಹೇಳಿಕೊಟ್ಟಿದ್ದಾರೆ?” ಎಂದ ಗಂಡ, ಸೋಪು ಒರೆಸಿಕೊಳ್ಳುತ್ತಾ.

ಇದಕ್ಕೆ ಏನೂ ಹೇಳಿಕೊಟ್ಟಿರಲಿಲ್ಲ. ನಿಜ ಹೇಳಿದರೆ ಇಡೀ ಕೇರಿಯ ಕೇಕೆ ಕೇಳಿಸಿಕೊಂಡ ಅಬು ನಾಯೆಫ್ ಅವರ ಮಾನ ಹೋಗುತ್ತಿತ್ತು, ಅದರ ಜೊತೆಗೆ ಅಂಗಳ, ಪೈಪು, ಯೋಜನೆ ಎಲ್ಲವೂ. ಹೇಳದಿದ್ದರೆ ಬಾಸೆಲ್ ಹೋಗುತ್ತಿದ್ದ.

ಮರುದಿನ ಫಾದಿಯಾ ಕ್ಷಮೆ ಕೇಳಲೆಂದೇ ಹೊರಟಳು. ಮೆಟ್ಟಿಲ ತಿರುವಿನಲ್ಲಿ ದುಹಾ ಸಿಕ್ಕಳು. ಅವಳ ಎರಡೂ ಕೈಯಲ್ಲಿ ನೀರಿನ ಡಬ್ಬಿಗಳು.

“ಅತ್ತೆ,” ಎಂದಳು ದುಹಾ ತಣ್ಣಗೆ, “ನಿಜ ಹೇಳಿ. ಆ ಸುರುಳಿಯಲ್ಲಿ ಇದ್ದದ್ದೇನು?”

“ಪೈಪು, ಮಗಳೇ.”

“ಅದೇ ಅಂದ್ಕೊಂಡೆ. ಹೆಣ್ಣು ಕೇಳೋಕೆ ಬಂದವರು ಯಾರೂ ಒಗೆಯೋ ನೀರಿನ ಲೆಕ್ಕ ಕೇಳಲ್ಲ.” ಅವಳು ಡಬ್ಬಿ ಕೆಳಗಿಟ್ಟು ಬೆರಳು ಮಡಚಿ ಬಿಡಿಸಿದಳು. “ಈಗ ಎಲ್ಲಿಗೆ ಹೊರಟ್ರಿ?”

“ನಿಮ್ಮಪ್ಪನಿಗೆ ಹೇಳೋಕೆ. ತಪ್ಪಾಯ್ತು ಅಂತ.”

“ಹುಚ್ಚಾ ನಿಮಗೆ? ನಮ್ಮಪ್ಪ ಹುಟ್ಟಿದ ಮೇಲೆ ಮೊದಲನೇ ಸಲ ಹೂಂ ಅಂದಿದ್ದಾರೆ. ಅದನ್ನ ವಾಪಸ್ ಕೊಡ್ತೀರಾ?”

“ಆದ್ರೆ ಮದುವೆ?”

“ಅದು ನನ್ನ ಕೆಲಸ. ನಾನು ಯೋಚನೆ ಮಾಡ್ತೀನಿ, ದೇವರ ಹತ್ತಿರ ದಾರಿ ಕೇಳ್ತೀನಿ, ಕೊನೆಗೆ ಋಣ ಇಲ್ಲ ಅಂತೀನಿ. ಅದು ನನಗೆ ಅಭ್ಯಾಸ, ಯಾರೂ ತಪ್ಪು ತಿಳ್ಕೊಳ್ಳಲ್ಲ. ಆದ್ರೆ ಯೋಚನೆ ಮಾಡೋಕೆ ನನಗೆ ಸ್ವಲ್ಪ ದಿನ ಹಿಡಿಯುತ್ತೆ. ನಿಮ್ಮ ಪೈಪಿಗೆ ಎಷ್ಟು ದಿನ ಬೇಕು?”

“ಆಲಿವ್ ಕೀಳೋವರೆಗೆ.”

“ಸರಿಯಾಗಿ ಅಲ್ಲೀವರೆಗೂ ಯೋಚನೆ ಮಾಡ್ತೀನಿ,” ಎಂದಳು ದುಹಾ. ಡಬ್ಬಿ ಎತ್ತಿಕೊಂಡು ಎರಡು ಮೆಟ್ಟಿಲು ಹತ್ತಿ ತಿರುಗಿದಳು. “ಇನ್ನೊಂದು ಮಾತು. ಅಷ್ಟು ಜನ ಬಂದು ಕಾಫಿ ಕೆಳಗಿಟ್ರಿ, ನಮ್ಮಪ್ಪನ್ನ ಕೇಳಿದ್ರಿ. ನನ್ನನ್ನ ಒಬ್ಬರೂ ಕೇಳಲಿಲ್ಲ. ಅದು ಪೈಪಿಗಾಗಿದ್ರೂನೂ ಸರಿಯಲ್ಲ.”

ಅವಳ ತಾಯಿಗೂ ವಿಷಯ ಗೊತ್ತಾಯಿತು. ಉಮ್ ನಾಯೆಫ್ ಮೊದಲು ತಲೆ ಮೇಲೆ ಕೈ ಹೊತ್ತು ಕೂತಳು. ಆಮೇಲೆ, “ನೀರು ಮಹಡಿ ಮೇಲಿನ ತೊಟ್ಟಿವರೆಗೂ ಬರುತ್ತಾ?” ಎಂದು ಕೇಳಿದಳು. ಬರುತ್ತೆ ಎಂದಾಗ, ಗಂಡನಿಗೆ ಯಾರೂ ಏನೂ ಹೇಳತಕ್ಕದ್ದಲ್ಲ ಎಂದು ಆಜ್ಞೆ ಮಾಡಿದಳು.

ಆಮೇಲೆ ನಡೆದದ್ದನ್ನು ಯೋಜನಾ ಶಾಸ್ತ್ರದ ಪಂಡಿತರು ಬಂದು ನೋಡಬೇಕಾಗಿತ್ತು. ಯೋಜನೆಯ ಗಡುವನ್ನು ಸಲ್ತಿನಲ್ಲಿ ಯಾರೂ ಲೆಕ್ಕಕ್ಕಿಡುವುದಿಲ್ಲ. ಮದುವೆಯ ಗಡುವನ್ನು ಮೀರುವ ಧೈರ್ಯ ಯಾರಿಗೂ ಇಲ್ಲ. ಖರೂಬ್ ಕೇರಿ ಆ ಪೈಪನ್ನು ವರನ ಕಡೆಯ ಉಡುಗೊರೆ ಎಂದು ತಾನೇ ತೀರ್ಮಾನಿಸಿಕೊಂಡಿತು. ಹುಡುಗನ ತಾಯಿ ಸೊಸೆಯ ಕೈ ನೋಡಿ ಅತ್ತಳಂತೆ, ಇಂಥ ಕೈಯಲ್ಲಿ ನೀರು ಹೊರಬಾರದು ಅಂದಳಂತೆ ಎಂದು ಬೇಕರಿಯಲ್ಲಿ ಹೆಂಗಸರು ಹೇಳಿಕೊಂಡು ಕಣ್ಣೊರೆಸಿಕೊಂಡರು. ಚಿನ್ನ ಕೊಡುವವರಿದ್ದಾರೆ, ನೀರು ಕೊಟ್ಟವರು ಯಾರಿದ್ದಾರೆ? ಗಂಡಸರು ಕಾರುಗಳನ್ನು ಕೇಳದೆಯೇ ತೆಗೆದರು. ರಸ್ತೆ ಅಗೆಯುವ ಅನುಮತಿಯ ಅಧಿಕಾರಿ, ಪ್ರತಿಯೊಂದಕ್ಕೂ “ನಾಳೆ ಬನ್ನಿ” ಎನ್ನುವವರು, ವಿಷಯ ಕೇಳಿ ಎದ್ದು ನಿಂತು ರುಜು ಹಾಕಿದರು. “ಅಬು ನಾಯೆಫ್ ಮಗಳಿಗೆ ಅಂತೂ ಆಯ್ತಲ್ಲಪ್ಪಾ. ನನ್ನಿಂದ ಒಂದು ದಿನ ತಡ ಆಯ್ತು ಅಂತ ಆಗ್ಬಾರ್ದು.”

ಅಗೆಯುವವರಿಗೆ ದಿನಕ್ಕೊಂದು ಮನೆಯಿಂದ ಊಟ ಬಂತು. ಎಂದೂ ಹೊತ್ತಿಗೆ ಸರಿಯಾಗಿ ಬಾರದ ಕೆಲಸಗಾರರು ಮೊದಲೇ ಬಂದು, ಈವತ್ತು ಯಾರ ಮನೆ ಎಂದು ಕೇಳತೊಡಗಿದರು. ಶುಕ್ರಿ ಒಂದು ದಿನ ಬಂದು ನೋಡಿ, ಪೈಪಿಗೆ ತೋಡಿದ ಕಾಲುವೆ ನೇರವಾಗಿರುವುದನ್ನು ಕಂಡು ಹೆದರಿದರು. “ಇದು ನಮ್ಮ ಕಂಪನಿಯದೇನಾ?” ಎಂದು ಫಾದಿಯಾಳನ್ನು ಮೆಲ್ಲಗೆ ಕೇಳಿದರು.

ಫಾದಿಯಾಳ ನಕ್ಷೆಯಲ್ಲಿ ಗೆರೆಗಳೆಲ್ಲ ಹಸಿರಾದವು. ಅವಳು ಹಗಲೆಲ್ಲ ಮೆಟ್ಟಿಲು ಹತ್ತಿ ಇಳಿದಳು, ಪೈಪಿನ ಬೆಸುಗೆಗಳನ್ನು ಮಗುವಿನ ಹಣೆ ಮುಟ್ಟುವಂತೆ ಮುಟ್ಟಿ ನೋಡಿದಳು. ಬಾಸೆಲ್ ಮಾತ್ರ ದಿನದಿಂದ ದಿನಕ್ಕೆ ಇಳಿದುಹೋದ. ಯಾರೋ ಅವನಿಗೆ ಕೋಟಿನ ಅಳತೆ ಕೂಡ ತೆಗೆದರು. “ಹೆದರ್ಬೇಡ ಕಂದಾ,” ಎಂದಳು ಫಾದಿಯಾ. “ಮುಕ್ತಾಯದ ಘಟ್ಟದಲ್ಲಿ ನಿನ್ನನ್ನ ಬಿಡಿಸ್ತೀನಿ.”

ಅಬು ನಾಯೆಫ್ ತಾವೇ ಕುರ್ಚಿ ಎತ್ತಿಕೊಂಡು ಹೋಗಿ ಮರದ ಬುಡ ಬಿಟ್ಟುಕೊಟ್ಟರು. “ಬೇರು ನೋಡ್ಕೊಂಡು ಅಗೀರಪ್ಪಾ,” ಎಂದರು, ಅಷ್ಟೇ. ಪೈಪು ಮರದ ಬೇರನ್ನು ಬಳಸಿಕೊಂಡು ಅಂಗಳ ದಾಟಿತು.

ಗುಡ್ಡದ ಮೇಲೆ ಜನ ಆಲಿವ್ ಮರಗಳ ಕೆಳಗೆ ಬಟ್ಟೆ ಹಾಸತೊಡಗಿದ ವಾರ ಫಾದಿಯಾ ಗುಂಡಿಯ ಬಳಿ ನಿಂತು ನೀರು ಬಿಡುವ ಕೀಲಿ ತಿರುಗಿಸಿದಳು. ಮೊದಲು ಗಾಳಿ ಬಂತು, ಆಮೇಲೆ ಕಂದು ನೀರು, ಆಮೇಲೆ ತಿಳಿನೀರು. ಎಲ್ಲರೂ ತಲೆಯೆತ್ತಿ ಮಹಡಿಗಳತ್ತ ನೋಡಿದರು. ಉಮ್ ನಾಯೆಫ್ ಮೇಲಿನಿಂದ ಬಗ್ಗಿ, “ಬಂತು,” ಎಂದಳು. ಅವಳ ಎರಡೂ ಕೈ ಖಾಲಿಯಿದ್ದವು. ಆ ಕೈಗಳನ್ನು ಏನು ಮಾಡಬೇಕೆಂದು ತಿಳಿಯದವಳಂತೆ ಸೊಂಟದ ಮೇಲಿಟ್ಟುಕೊಂಡಳು, ತೆಗೆದಳು, ಮತ್ತೆ ಇಟ್ಟುಕೊಂಡಳು. ಆಮೇಲೆ ಅವಳು ಹಾಕಿದ ಕೇಕೆ ಮೊದಲನೆಯದಕ್ಕಿಂತ ಉದ್ದವಾಗಿತ್ತು.

ಅದೇ ಸಂಜೆ ದುಹಾ ತಂದೆಗೆ, ಬಹಳ ಯೋಚನೆ ಮಾಡಿದೆ, ಋಣ ಇಲ್ಲ ಅನ್ನಿಸುತ್ತೆ ಎಂದಳು. ಸುದ್ದಿ ತಿಳಿದ ಬಾಸೆಲ್ ಎರಡು ತಟ್ಟೆ ಕುರಿಮಾಂಸದ ಮನ್ಸಫ್ ತಿಂದು ಮಲಗಿದ. ಅಬು ನಾಯೆಫ್ ಬಹಳ ಹೊತ್ತು ಮುಚ್ಚಿದ ಕಾಲುವೆಯನ್ನೇ ನೋಡುತ್ತಾ ಕೂತಿದ್ದರು.

“ಅವರು ಪೈಪು ಕಿತ್ಕೊಂಡು ಹೋಗಲ್ಲ ತಾನೇ?” ಎಂದರು.

“ಇಲ್ಲ,” ಎಂದಳು ದುಹಾ.

“ಬಂದ ದಿನ ಆ ಹೆಂಗಸು ‘ಇಡೀ ಅಂಗಳಾನಾ’ ಅಂತ ಕೇಳಿದ್ಳು,” ಎಂದರು ಅವರು ನಿಧಾನವಾಗಿ. “ನನಗೆ ಆಗಲೇ ಸ್ವಲ್ಪ ವಿಚಿತ್ರ ಅನ್ನಿಸಿತ್ತು.”

ದುಹಾ ಕೊಳಾಯಿ ತಿರುಗಿಸಿ ಅವರ ಮುಂದೆ ಒಂದು ಲೋಟ ನೀರು ಹಿಡಿದಳು. ಅವರು ಕುಡಿದರು.

ಯೋಜನೆ ಮುಗಿದರೂ ಕಚೇರಿಯಲ್ಲಿ ಏನೂ ಬದಲಾಗಲಿಲ್ಲ. ಮುಗಿದದ್ದನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ; ಅದಕ್ಕೆ ರಿಬ್ಬನ್ನು ಕತ್ತರಿಸುವ ಪದ್ಧತಿ ಇರಲಿಲ್ಲ. ಶುಕ್ರಿ, “ಚೆನ್ನಾಗಾಯ್ತು, ದೇವರ ದಯ,” ಎಂದರು. ಮುಂದಿನ ಯೋಜನೆ ಮುಅತಸಿಂ ಹೆಸರಿಗೆ ಬರೆದದ್ದು ಗೋಡೆಯ ಮೇಲೆ ಕಂಡಿತು. ಫಾದಿಯಾ ನಕಲು ಯಂತ್ರದ ಪಕ್ಕದಲ್ಲಿ ಕೂತು, ಯಾರಿಗೋ ನಕಲು ಬೇಕಾದಾಗ ಎದ್ದು ನಿಂತಳು.

ಆಗ ಮೆಟ್ಟಿಲ ಮೇಲೆ ತುಂಬ ಬೂಟುಗಳ ಸದ್ದು ಕೇಳಿಸಿತು.

ಖರೂಬ್ ಕೇರಿಯ ಹಿರಿಯರು ಬಂದಿದ್ದರು. ಅಂಚು ಹೊಲಿದ ನಿಲುವಂಗಿ, ಇಸ್ತ್ರಿ ಮಾಡಿದ ಕೆಂಪು ಚೌಕಳಿಯ ರುಮಾಲು, ಎಲ್ಲರ ಮುಂದೆ ಅಬು ನಾಯೆಫ್, ಕೈಯಲ್ಲಿ ಬಕ್ಲಾವಾದ ದೊಡ್ಡ ತಟ್ಟೆ. ಅವರ ಹಿಂದೆ, ಬಾಗಿಲಲ್ಲಿ, ದುಹಾಳೂ ಅವಳ ತಾಯಿಯೂ. ಶುಕ್ರಿ ತಡಬಡಾಯಿಸಿ ಕುರ್ಚಿ ತರಿಸಿದರು, ಕಾಫಿ ತರಿಸಿದರು, ಹಂಚುವಾಗ ಫಾದಿಯಾಳಿಗೂ ಒಂದು ಬಟ್ಟಲು ಸಿಕ್ಕಿತು. ಅಬು ನಾಯೆಫ್ ತಮ್ಮ ಬಟ್ಟಲನ್ನು ತೆಗೆದುಕೊಂಡು, ಎಲ್ಲರಿಗೂ ಕಾಣುವ ಹಾಗೆ, ಶುಕ್ರಿಯವರ ಮೇಜಿನ ಮೇಲಿಟ್ಟರು. ಉಳಿದವರೂ ಇಟ್ಟರು.

ಶುಕ್ರಿ ಬೆವತರು. ಅವರಿಗೆ ಹೆಣ್ಣುಮಕ್ಕಳು ಇರಲಿಲ್ಲ, ಆದರೂ ಬೆವತರು. “ಕುಡೀರಿ, ಕುಡೀರಿ,” ಎಂದರು, “ಏನು ಬೇಕೋ ಕೊಟ್ಟೆ.”

“ಮೊದಲು ಏನು ಅಂತ ಕೇಳಿ ಸ್ವಾಮಿ,” ಎಂದರು ಅಬು ನಾಯೆಫ್. “ಕೇಳದೆ ಕೊಟ್ಟವನ ಅಂಗಳ ಏನಾಗುತ್ತೆ ಅಂತ ನನಗೆ ಗೊತ್ತು.” ಅವರು ಫಾದಿಯಾಳ ಕಡೆ ಒಮ್ಮೆ ನೋಡಿದರು. ಮೀಸೆಯ ಕೆಳಗೆ ಏನೋ ಅಲುಗಿತು. “ನಮ್ಮ ಕೆಳಗಿನ ಕೇರಿಗೂ ನೀರು ಬೇಕು. ಅದಕ್ಕೆ ಈ ಉಮ್ ಬಾಸೆಲ್‌ನ ಕೇಳೋಕೆ ಬಂದಿದೀವಿ. ತಲೆ ಬಾಚ್ಕೊಳ್ಳೋ ಹುಡುಗ ನಮಗೆ ಬೇಡ.”

ಮುಅತಸಿಂ ಬಾಚಣಿಗೆಯನ್ನು ಜೇಬಿಗೆ ಇಳಿಸಿದ.

“ಅಷ್ಟೇನಾ,” ಎಂದು ಶುಕ್ರಿ ಉಸಿರು ಬಿಟ್ಟರು. “ಕೊಟ್ಟೆ, ಕೊಟ್ಟೆ. ಕುಡೀರಿ.”

ಹಿರಿಯರು ಕುಡಿದರು. ಉಮ್ ನಾಯೆಫ್ ಕೇಕೆ ಹಾಕಲು ಬಾಯಿ ತೆರೆದಳು. ಅಷ್ಟರಲ್ಲಿ ದುಹಾ ಅವಳ ತೋಳು ಹಿಡಿದು ತಡೆದಳು.

ಫಾದಿಯಾ ತನ್ನ ಬಟ್ಟಲನ್ನು ನಕಲು ಯಂತ್ರದ ಮೇಲೆ ಇಟ್ಟಿದ್ದಳು. ಈ ಸಲ ಅವಳ ತಲೆಯಲ್ಲಿ ಪೈಪು ಇರಲಿಲ್ಲ, ನಕ್ಷೆ ಇರಲಿಲ್ಲ, ಎರಡು ಕೈಯೂ ಬಿಡುವಾಗಿದ್ದವು.

“ಈಗ ನಿನ್ನದೇನಮ್ಮಾ?” ಎಂದರು ಶುಕ್ರಿ.

“ಅವರು ನಿಮ್ಮನ್ನ ಕೇಳಿದ್ರು, ನೀವು ಕೊಟ್ಟುಬಿಟ್ರಿ,” ಎಂದಳು ಫಾದಿಯಾ. “ನನ್ನನ್ನ ಯಾರೂ ಕೇಳಲಿಲ್ಲ.”

ಬಾಗಿಲಲ್ಲಿ ದುಹಾ ಮಾತ್ರ ನಕ್ಕಳು.

“ಹೇಳು, ಏನು ಬೇಕು?”

“ಕಿಟಕಿ ಪಕ್ಕದ ಮೇಜು. ಕೇರಿ ಕಾಣದೆ ಕೇರಿಯ ಕೆಲಸ ಮಾಡೋಕಾಗಲ್ಲ.”

ಶುಕ್ರಿ ಮುಅತಸಿಂನನ್ನು ನೋಡಿದರು, ಹಿರಿಯರನ್ನು ನೋಡಿದರು, ನಕಲು ಯಂತ್ರದ ಮೇಲೆ ಆರುತ್ತಿದ್ದ ಕಾಫಿಯನ್ನು ನೋಡಿದರು. ಆ ಕಂಪನಿಯ ಚರಿತ್ರೆಯಲ್ಲಿ ಮೊದಲ ಸಲ ಅವರು ಒಬ್ಬರಿಗೆ ಬೇಜಾರಾಗುವಂಥ ತೀರ್ಮಾನ ಮಾಡಿದರು.

“ಕುಡಿ,” ಎಂದರು. “ಕೊಟ್ಟೆ.”

ಫಾದಿಯಾ ಬಟ್ಟಲು ಎತ್ತಿ ಒಂದೇ ಗುಟುಕಿಗೆ ಕುಡಿದಳು. ಕಾಫಿ ಪೂರ್ತಿ ಆರಿಹೋಗಿತ್ತು. ಅವಳು ಹೋಗಿ ಕಿಟಕಿಯ ಪಕ್ಕ ಕೂತಳು, ಖಾಲಿ ಬಟ್ಟಲನ್ನು ಚಾಚಿ, ಇನ್ನೊಂದು ಬಿಸಿಯದು ಹಾಕಿ ಎಂದಳು.